ಪಕ್ಕದ ಸೀಟು

ಮಾರ್ಚ್ 3, ಸೋಮವಾರ

ಇವತ್ತೂ ರಿವರ್ಸ್ ಕೈಕೊಟ್ಟಿತು. ಹಿಂದಕ್ಕೆ ಬಾ ಅಂದರೆ ಕಾರು ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ. ಮೈದಾನದಲ್ಲಿ ಗುರುತಿಗೆ ಇಟ್ಟಿದ್ದ ಡಬ್ಬಗಳಲ್ಲಿ ಎರಡು ಮಕಾಡೆ. ಭಾವ ಬೈಯಲಿಲ್ಲ. ಇಳಿದು ಹೋಗಿ ಎತ್ತಿ ನಿಲ್ಲಿಸಿ, "ಇವರ ಕಥೆ ಮುಗೀತು. ಮುಂದಿನವರನ್ನಾದ್ರೂ ಉಳಿಸು ತಾಯಿ" ಎಂದರು.

ಸ್ಟಾರ್ಟ್ ಮಾಡುವ ಮೊದಲಿನ ಮಂತ್ರ ಮಾತ್ರ ಬಾಯಿಪಾಠ. ಸೀಟು, ಕನ್ನಡಿ, ಬೆಲ್ಟ್. ಆಮೇಲೆ ಕೀ. ಭಾವನ ಡ್ರೈವಿಂಗ್ ಸ್ಕೂಲಿನ ಕಾರು, ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು. ನಾನು ತಪ್ಪಿದರೆ ಭಾವನ ಕಾಲು ಇದೆ. ಆ ಧೈರ್ಯದಲ್ಲೇ ಅರ್ಧ ಕಲಿತೆ.

ಲೈಸೆನ್ಸ್ ಬಂದರೆ ಲ್ಯಾಬಿನ ಗಾಡಿ ನನ್ನ ಕೈಗೆ. ಮನೆ ಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಕೂತು ಬಿಸಿಲಿನ ಬಣ್ಣವೇ ಮರೆತುಹೋಗಿದೆ.

ಮಾರ್ಚ್ 6, ಗುರುವಾರ

ಮೊದಲ ಸಲ ದೊಡ್ಡ ರಸ್ತೆ. ಮೈಯೆಲ್ಲ ಬೆವರು. ಹಳದಿ ದೀಪ ಕಂಡು ಆಕ್ಸಿಲರೇಟರ್ ತುಳಿದೆ, ಭಾವ ತಮ್ಮ ಕಡೆಯ ಬ್ರೇಕ್ ತುಳಿದರು. ಕಾರು ಬಿಕ್ಕಿ ನಿಂತಿತು.

"ಹಳದಿ ಅಂದ್ರೆ ಓಡು ಅಂತಲ್ಲ ಪುಟ್ಟಿ. ನಿಲ್ಲೋಕೆ ತಯಾರಾಗು ಅಂತ."

ಆಮೇಲೆ ಅಂತರದ ಪಾಠ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ನಿಧಾನಕ್ಕೆ ಮೂರು ಎಣಿಸಬೇಕು. ಎಣಿಸಿ ಮುಗಿಯುವ ಮೊದಲೇ ನಾನು ಆ ಕಂಬದ ಹತ್ತಿರ ಇದ್ದರೆ ತೀರಾ ಅಂಟಿಕೊಂಡಿದ್ದೇನೆ ಅಂತ ಅರ್ಥ. ಮಳೆ ಬಂದರೆ ಇನ್ನೂ ದೂರ.

ಸಂಜೆ ಅಕ್ಕನ ಮನೆ. ಸ್ಟೀರಿಂಗ್ ಬಿಗಿಹಿಡಿದು ಅಂಗೈ ಕೆಂಪಾಗಿತ್ತು. ಅಕ್ಕ ಎಣ್ಣೆ ಹಚ್ಚಿದಳು. "ಕಾರನ್ನ ಹಿಡ್ಕೋ ಅಂದ್ರೆ ಕತ್ತು ಹಿಸುಕಿದ್ದೀಯಲ್ಲೇ" ಎಂದು ನಕ್ಕಳು. ಅಮ್ಮ ಹೋದಾಗ ನಾನಿನ್ನೂ ಎರಡು ಜಡೆಯ ಹುಡುಗಿ. ಆಮೇಲೆ ಆ ಜಡೆ ಹೆಣೆದವಳು ಅಕ್ಕನೇ.

ಮಾರ್ಚ್ 15, ಶನಿವಾರ

ಜೀಬ್ರಾ ಕ್ರಾಸಿಂಗಿನಲ್ಲಿ ಒಬ್ಬ ಅಜ್ಜ ಕೋಲೂರಿಕೊಂಡು ದಾಟುತ್ತಿದ್ದ. ನಿಲ್ಲಿಸಿದೆ. ಹಿಂದಿನವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಗಾಬರಿಯಲ್ಲಿ ಕ್ಲಚ್ ಬಿಟ್ಟೆ, ಎಂಜಿನ್ ಆಫ್.

ಭಾವ ಕೈಕಟ್ಟಿ ಕೂತೇ ಇದ್ದರು. "ಅವನು ಹಾರ್ನ್ ಹೊಡೆದ್ರೆ ನಿನ್ನ ಕಿವಿ ನೋಯುತ್ತೆ. ನೀನು ನುಗ್ಗಿದ್ರೆ ಅಜ್ಜನ ಕಾಲು ಹೋಗುತ್ತೆ. ಯಾವುದು ವಾಸಿ?"

ನಾನು ಮತ್ತೆ ಸ್ಟಾರ್ಟ್ ಮಾಡಿದ ಮೇಲೆ: "ಬ್ರೇಕು ಕಾಲಲ್ಲಿದ್ರೆ ಸಾಲದು ಪುಟ್ಟಿ. ಕಣ್ಣಲ್ಲಿರಬೇಕು."

ಇದನ್ನು ಬರೆದಿಡಬೇಕು ಅನ್ನಿಸಿತು. ಬರೆದೆ.

ಮಾರ್ಚ್ 22, ಶನಿವಾರ. ಸಂಜೆ

ಬರೆಯಬೇಕು. ನಡೆದದ್ದು ನಡೆದ ಹಾಗೆ.

ಕ್ಲಾಸು ಮುಗಿದಿತ್ತು. ವಾಪಸ್ ಬರುವಾಗಲೂ ನಾನೇ ಓಡಿಸುತ್ತಿದ್ದೆ. ಭಾವನ ಫೋನ್ ಬಡಿದುಕೊಂಡಿತು. "ಆಯ್ತು, ಬಂದೆ" ಅಂದವರು ಕಾರು ಬದಿಗೆ ಹಾಕಿಸಿದರು. "ಇಳಿ, ನಾನು ಓಡಿಸ್ತೀನಿ. ನೀನು ಹೋಗೋದು ಅಂದ್ರೆ ಆಮೆ ಮದುವೆಗೆ ಹೊರಟ ಹಾಗೆ."

ಸೀಟು ಬದಲಾಯಿಸಿದೆವು. ನಾನು ಪಕ್ಕದಲ್ಲಿ. ಅವರ ಜಾಗದಲ್ಲಿ.

ಮತ್ತೆ ಫೋನು. ಒಂದು ಕೈ ಸ್ಟೀರಿಂಗ್, ಒಂದು ಕೈ ಕಿವಿಗೆ. "ಹ್ಞೂಂ... ಬಂದೆ ಅಂದ್ನಲ್ಲ..." ಯಾರೋ ಹೊಸ ಸ್ಟೂಡೆಂಟ್ ಇರಬೇಕು ಅಂದುಕೊಂಡೆ. ಎಂದೂ ಹೀಗೆ ಮಾತಾಡುವವರಲ್ಲ. ಹೇಳಲೋ ಬೇಡವೋ ಅನ್ನುವಷ್ಟರಲ್ಲಿ ಲೈಬ್ರರಿಯ ಮುಂದಿನ ಜೀಬ್ರಾ. ಹೆಂಗಸೊಬ್ಬರು ಅರ್ಧ ದಾಟಿದ್ದಾರೆ. ಬಿಳಿ ಕೂದಲು, ಹೆಗಲಲ್ಲಿ ಬಟ್ಟೆಯ ಚೀಲ. ಭಾವ ನೋಡುತ್ತಿಲ್ಲ.

"ಭಾವಾ, ಮುಂದೆ ನೋಡಿ!" ಅಂತ ಚೀರಿದೆ. ಚೀರುವ ಮೊದಲೇ ನನ್ನ ಕಾಲು ಪಕ್ಕದ ಬ್ರೇಕಿನ ಮೇಲಿತ್ತು. ಇದ್ದ ಬಲವನ್ನೆಲ್ಲ ಹಾಕಿ ತುಳಿದೆ.

ಪೂರ್ತಿ ನಿಲ್ಲಲಿಲ್ಲ.

ಇಳಿದು ಓಡಿದೆ. ರಸ್ತೆಯ ಮೇಲೆ ಕೂತು ಅವರ ತಲೆ ಅಲ್ಲಾಡದ ಹಾಗೆ ಹಿಡಿದೆ. "ನನ್ನ ಕನ್ನಡಕ..." ಎಂದರು. ಇದೆ ಅಂದೆ. ಇರಲಿಲ್ಲ, ಚೂರಾಗಿತ್ತು. ನನ್ನ ಒಂದು ಬೆರಳು ಹಿಡಿದುಕೊಂಡವರು ಬಿಡಲೇ ಇಲ್ಲ. ಸದ್ದು ಕೇಳಿ ಜನ ಸೇರಿದರು. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಭಾವ ಪೊಲೀಸರಿಗೆ ಕಾಯುತ್ತಾ ಕಾರಿನ ಹತ್ತಿರ ಉಳಿದರು.

ಬದುಕುತ್ತಾರೆ ಅಂದಿದ್ದಾರೆ ಡಾಕ್ಟರು. ಭಾವನಿಗೆ ಹೇಗಾಗಿರಬೇಕೋ ಪಾಪ.

ಮಾರ್ಚ್ 23, ಭಾನುವಾರ

ಪೊಲೀಸ್ ಸ್ಟೇಷನ್ನಿನಿಂದ ಫೋನ್. "ಗಾಡಿ ಓಡಿಸ್ತಿದ್ದೋರು ನೀವೇ ತಾನೇ? ಹೇಳಿಕೆ ಕೊಡೋಕೆ ಕರೀತೀವಿ, ಊರು ಬಿಟ್ಟು ಹೋಗ್ಬೇಡಿ."

ರಾಂಗ್ ನಂಬರ್ ಇರಬೇಕು ಅಂದೆ. ಅವರು ನನ್ನ ಪೂರ್ತಿ ಹೆಸರು, ಲರ್ನರ್ಸ್ ಲೈಸೆನ್ಸಿನ ನಂಬರ್ ಎಲ್ಲ ಓದಿ ಹೇಳಿದರು.

ಮಧ್ಯಾಹ್ನ ಭಾವ ಒಬ್ಬರೇ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ನೋಡು ಪುಟ್ಟಿ, ಕಲಿಯೋಳು ತಪ್ಪು ಮಾಡಿದ್ಲು ಅಂದ್ರೆ ಸಣ್ಣದರಲ್ಲಿ ಮುಗಿಯುತ್ತೆ. ಕಲಿಸೋನೇ ಫೋನಲ್ಲಿ ಮಾತಾಡ್ತಾ ಗುದ್ದಿದ ಅಂದ್ರೆ ಸ್ಕೂಲಿಗೆ ಬೀಗ. ಹಾಗಾಗಿ ನೀನು ಓಡಿಸ್ತಿದ್ದೆ ಅಂತ ಹೇಳಿದ್ದೀನಿ. ನಾನು ನನ್ನ ಕಡೆ ಬ್ರೇಕ್ ತುಳಿದೆ, ಅದಕ್ಕೇ ಆಯಮ್ಮ ಉಳಿದ್ರು ಅಂತಾನೂ ಹೇಳಿದ್ದೀನಿ."

"ಆ ಬ್ರೇಕ್ ತುಳಿದಿದ್ದು ನಾನು, ಭಾವ."

ನೆಲ ನೋಡಿದರು. "ಯಾರ ಕಾಲಾದ್ರೇನು ಈಗ?" ಎಂದರು.

ಹೋದರು. ತಪ್ಪನ್ನು ನನಗೆ ಕೊಟ್ಟು, ನನ್ನದನ್ನು ತಾವು ತೆಗೆದುಕೊಂಡು. ಆ ಪಾಠಗಳನ್ನೆಲ್ಲ ಹೇಳಿದ್ದು ಇದೇ ಬಾಯಿ.

ಅಕ್ಕನಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾದರೆ ಸುಮ್ಮನೆ ಬಿಡುವವಳಲ್ಲ.

ಮಾರ್ಚ್ 25, ಮಂಗಳವಾರ

ಕಾರು ತಗುಲಿದ ಆ ಹೆಂಗಸು ಇರುವುದು ನಮ್ಮ ಆಸ್ಪತ್ರೆಯಲ್ಲೇ. ಆ ವಾರ್ಡಿನ ಸ್ಯಾಂಪಲ್ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ಸೊಂಟಕ್ಕೆ ಆಪರೇಷನ್ ಆಗಿದೆ, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರಂತೆ.

"ಬೆರಳು ಕೊಟ್ಟ ಹುಡುಗಿ ನೀನೇ ಅಲ್ವಾ?" ದನಿಯಲ್ಲೇ ಗುರುತು ಹಿಡಿದರು. "ಎಡಗೈಯಲ್ಲಿ ಒಂದು ಬೆಕ್ಕು ಬರೆಯೋಕೆ ನೋಡ್ದೆ ಕಣಮ್ಮಾ. ಆಲೂಗಡ್ಡೆಗೆ ಮೀಸೆ ಬಂದ ಹಾಗಾಯ್ತು."

ಇಬ್ಬರೂ ನಕ್ಕೆವು. ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ ಎಂದು ಹೊಗಳಿದರು. ಅಷ್ಟರಲ್ಲಿ ಅವರ ಮಗ ಒಳಗೆ ಬಂದ. ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿದ. ಇನ್ನೊಂದು ಸಲ ನೋಡಿದ.

"ಅಮ್ಮ, ಪೊಲೀಸರು ಹೇಳಿದ ಹೆಸರು ಇದೇ. ಇವಳೇ ಗುದ್ದಿದ್ದು."

ಟೀಚರಮ್ಮ ನನ್ನ ಅಂಗೈಯಲ್ಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ನಾನಲ್ಲ ಅನ್ನಬೇಕು. ನಾಲಿಗೆ ತುದಿಯಲ್ಲಿತ್ತು. ನಾನಲ್ಲ ಅಂದರೆ ಮತ್ಯಾರು ಅಂತ ಹೇಳಬೇಕಾಗುತ್ತಿತ್ತು. ಟ್ರೇ ಎತ್ತಿಕೊಂಡು ಹೊರಗೆ ಬಂದೆ.

ಮಾರ್ಚ್ 27, ಗುರುವಾರ

ಅಕ್ಕನ ಮನೆಗೆ ಹೋದೆ. ಭಾವ ಇಲ್ಲದ ಹೊತ್ತು ನೋಡಿಕೊಂಡೇ. ಒಗೆದ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಹೇಳಿದೆ. ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ.

ಮಡಿಸುತ್ತಲೇ ಇದ್ದಳು.

"ನಿನಗಿನ್ನೂ ವಯಸ್ಸಿದೆ ಪುಟ್ಟಿ. ಲೈಸೆನ್ಸು ಇವತ್ತಲ್ಲ ನಾಳೆ ಬರುತ್ತೆ. ಸ್ಕೂಲು ಹೋದ್ರೆ ಅವರು ಎದ್ದು ನಿಲ್ಲಲ್ಲ."

"ನನ್ನ ಹೆಸರು ಹೋದ್ರೆ?"

"ನನಗೇನು ಸಂಕಟ ಇಲ್ವಾ? ಆ ಸದ್ದು ಕೇಳಿದಾಗಿನಿಂದ ಒಂದು ತುತ್ತು ಗಂಟಲಲ್ಲಿ ಇಳೀತಿಲ್ಲ."

"ಯಾವ ಸದ್ದು?"

ದಿಂಬಿನ ಕವರಿನ ಮೇಲೆ ಅವಳ ಕೈ ನಿಂತಿತು.

"ಅಕ್ಕ... ಫೋನಲ್ಲಿ ಇದ್ದಿದ್ದು ನೀನಾ?"

ಮಡಿಸಿದ್ದ ಕವರನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಮಂಚ ನೋಡೋಕೆ ಹೋಗಿದ್ದೆ. ಅಂಗಡಿ ಮುಚ್ತಾರೆ, ಬೇಗ ಬನ್ನಿ ಅಂತ..."

"ನಾನು ಚೀರಿದ್ದು?"

"ಕೇಳಿಸ್ತು."

ಮುಂದೆ ನೋಡಿ ಅಂದದ್ದು ಕೇಳಿಸಿದೆ. ಯಾರು ಓಡಿಸುತ್ತಿದ್ದರು ಅಂತ ಆ ಗಳಿಗೆಯಿಂದಲೇ ಗೊತ್ತು. ಗೊತ್ತಿದ್ದೂ ನನಗೆ ಒಂದು ಫೋನ್ ಮಾಡಲಿಲ್ಲ.

ಏಳುವಾಗ ಕೈ ಹಿಡಿದಳು. "ನಿನ್ನ ಸಾಕಿ ಬೆಳೆಸಿದ್ದಕ್ಕೆ ಇಷ್ಟೂ ಕೇಳಬಾರದೇನೇ ನಾನು?"

ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡದ ಮಾತು. ಕೈ ಬಿಡಿಸಿಕೊಂಡೆ. ಬಸ್ಸಿನಲ್ಲಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಏಪ್ರಿಲ್ 6, ಭಾನುವಾರ

ಬರೆಯಲಿಲ್ಲ. ಏನು ಬರೆಯುವುದು.

ಲ್ಯಾಬಿನ ಗಾಡಿ ಬೇರೆಯವರಿಗೆ ಕೊಟ್ಟರು. "ಕೇಸು ಮುಗೀಲಿ, ಆಮೇಲೆ ನೋಡೋಣ" ಎಂದರು ಮೇಲಿನವರು. ಟೀಚರಮ್ಮ ಮನೆಗೆ ಹೋದರಂತೆ, ವಾಕರ್ ಹಿಡಿದುಕೊಂಡು.

ಭಾವನ ಮೆಸೇಜ್: ನಾಳೆ ಹತ್ತು ಗಂಟೆಗೆ ಸ್ಟೇಷನ್. ಹೆದರಬೇಡ, ನಾನಿರ್ತೀನಿ.

ಏಪ್ರಿಲ್ 7, ಸೋಮವಾರ

ನನಗಿಂತ ಮೊದಲೇ ಬಂದು ಕೂತಿದ್ದರು. ಪಕ್ಕದ ಕುರ್ಚಿಯ ಧೂಳು ಕರ್ಚೀಫಿನಿಂದ ಒರೆಸಿದರು. ನಾನು ಕೂರಲಿಲ್ಲ.

ಇನ್ಸ್‌ಪೆಕ್ಟರ್ ಹೆಂಗಸು. ಕಣ್ಣಲ್ಲಿ ನಿದ್ದೆಯಿಲ್ಲದ ಸುಸ್ತು. "ಇಬ್ಬರದ್ದೂ ಒಂದೇ ಮಾತಾದ್ರೆ ಇವತ್ತೇ ಬರೆದು ಮುಗಿಸ್ತೀನಿ. ಓಡಿಸ್ತಿದ್ದಿದ್ದು ನೀವೇ ಅಲ್ವಾ?"

"ಅಲ್ಲ ಮೇಡಂ. ಇವರು ಓಡಿಸ್ತಿದ್ರು, ಕೈಯಲ್ಲಿ ಫೋನ್ ಇತ್ತು. ನಾನು ಪಕ್ಕದ ಸೀಟಲ್ಲಿದ್ದೆ. ಬ್ರೇಕ್ ತುಳಿದಿದ್ದು ನಾನು."

ಭಾವ ನಕ್ಕರು. ನಾನು ಡಬ್ಬ ಬೀಳಿಸಿದಾಗ ನಗುತ್ತಿದ್ದರಲ್ಲ, ಅದೇ ನಗು. "ಹೆದರಿದ್ದಾಳೆ ಮೇಡಂ. ಹೊಸಬಳು. ಮಗು ಇದ್ದ ಹಾಗೆ."

"ಯಾರಾದ್ರೂ ನೋಡಿದೋರು ಇದ್ದಾರಾ?" ಇನ್ಸ್‌ಪೆಕ್ಟರ್ ನನ್ನನ್ನೇ ಕೇಳಿದರು.

"ನೋಡಿದೋರಿಲ್ಲ. ಕೇಳಿಸಿಕೊಂಡೋರಿದ್ದಾರೆ."

ಭಾವನ ನಗು ಅಲ್ಲೇ ಆರಿತು. "ಪುಟ್ಟಿ" ಎಂದರು. ಮೆಲ್ಲಗೆ. ಬ್ರೇಕ್ ಹಾಕು ಅನ್ನುವ ಹಾಗೆ.

"ಫೋನಿನ ಆ ಕಡೆ ಯಾರಿದ್ರು?"

ನನ್ನ ಜಡೆ ಹೆಣೆದ ಕೈ ಕಣ್ಣ ಮುಂದೆ ಬಂತು. ಟೀಚರಮ್ಮ ಹಿಂದಕ್ಕೆ ಎಳೆದುಕೊಂಡ ಕೈಯೂ ಬಂತು.

"ನಮ್ಮಕ್ಕ" ಎಂದೆ.

ಏಪ್ರಿಲ್ 8, ಮಂಗಳವಾರ. ಸಂಜೆ

ಮಧ್ಯಾಹ್ನ ಇನ್ಸ್‌ಪೆಕ್ಟರ್ ಫೋನ್ ಮಾಡಿದ್ದರು. "ನಿಮ್ಮ ಅಕ್ಕ ಬಂದಿದ್ರು. ಆ ಹೊತ್ತಿಗೆ ತಾವು ಯಾರಿಗೂ ಫೋನೇ ಮಾಡಿಲ್ಲ ಅಂತ ಸಹಿ ಹಾಕಿ ಹೋದ್ರು. ಫೋನ್ ಕಂಪನಿಯಿಂದ ವಿವರ ತರಿಸ್ತೀವಿ. ಬಂದ ಮೇಲೆ ಯಾರ ಮಾತು ನಿಲ್ಲುತ್ತೆ ನೋಡೋಣ."

ನನ್ನ ಮಾತೇ ನಿಲ್ಲುತ್ತದೆ. ಅದು ಗೊತ್ತು. ನಿಂತ ದಿನ ಅಕ್ಕನ ಸುಳ್ಳಿಗೂ ಒಂದು ಕೇಸು. ಗೆದ್ದೆ ಅನ್ನಿಸಬೇಕಿತ್ತು. ಬೆಳಿಗ್ಗೆ ಮಾಡಿದ ಅನ್ನ ಹಾಗೇ ಇದೆ.

ಅಕ್ಕ ಬಂದಿದ್ದಾಳೆ. ರಸ್ತೆಯ ಆಚೆ ಬದಿ ನಿಂತಿದ್ದಾಳೆ, ಕಿಟಕಿಯಿಂದ ಕಾಣುತ್ತಿದೆ. ಕೈಯಲ್ಲಿ ಚೀಲವಿಲ್ಲ, ಪಕ್ಕದಲ್ಲಿ ಭಾವ ಇಲ್ಲ. ದಾಟುವವರ ದೀಪ ಹಸಿರಾಯಿತು. ಎಲ್ಲರೂ ದಾಟಿದರು, ಅವಳು ದಾಟಲಿಲ್ಲ. ಮತ್ತೆ ಕೆಂಪು.

ಬೇಡಿಕೊಳ್ಳಲು ಬಂದಳೋ, ಬೈಯಲು ಬಂದಳೋ. ಹಾಕಿದ ಸಹಿ ವಾಪಸ್ ತೆಗೆಯುವುದು ಹೇಗೆ ಅಂತ ಕೇಳಲು ಬಂದಳೋ. ಮುಖ ನೋಡಿದರೆ ತಿಳಿಯುತ್ತಿತ್ತು. ಇಷ್ಟು ದೂರಕ್ಕೆ ಕಾಣುವುದಿಲ್ಲ.

ಬಾಗಿಲು ತೆಗೆಯಬೇಕೋ ಬೇಡವೋ ಇನ್ನೂ...

ಹಸಿರು. ಈ ಸಲ ಕಾಲು ಕೆಳಗಿಟ್ಟಳು. ಎರಡೂ ಕಡೆ ನೋಡದೆ ಬರುತ್ತಿದ್ದಾಳೆ, ಅಕ್ಕ — ಪೆನ್ನು ಇಡುತ್ತೇನೆ, ಬಾಗಿಲಿಗೆ ಹೋಗಬೇಕು.