ಅಮ್ಮನ ಹಣೆಯ ಕೆಂಪು

ತ್ಯಾಮಗೊಂಡ್ಲು
೧೨-೨-೧೯೪೬

ದೊಡ್ಡಬಳ್ಳಾಪುರದ ಫೋಟೋ ಅಂಗಡಿಯ ಮುನಿಶಾಮಪ್ಪನವರಿಗೆ ಅಕ್ಕಯಮ್ಮನ ನಮಸ್ಕಾರ.

ಅಮ್ಮನ ಕಪ್ಪು ಬಿಳುಪು ಪಟಕ್ಕೆ ನೀವು ಹಚ್ಚಿದ ಬಣ್ಣ ನೋಡಿದೆವು. ನಾನು ಬಾಯಲ್ಲಿ ಹೇಳಿದ್ದ ನೀಲಿ ಬಣ್ಣವೇ ಸೀರೆಗೆ ಬಂದಿದೆ. ಕೆನ್ನೆ ಮುಟ್ಟಿದರೆ ಬೆಚ್ಚಗಿರಬಹುದು ಅನಿಸುತ್ತದೆ.

ಪಟದಲ್ಲಿ ಕುಂಕುಮ ಮೂಡಿಲ್ಲವೆಂದುಕೊಂಡು ನೀವೇ ಹಣೆಗೆ ಇಟ್ಟಿದ್ದೀರಿ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತೆಂದು ನಿಮಗೆ ಹೇಗೆ ಗೊತ್ತಾಗಬೇಕು?

"ಜನ ಏನಂದಾರು? ಮೊದ್ಲು ಅಳಿಸ್ಕೊಂಡು ಬರ್ತೀನಿ" ಎಂದು ಅಣ್ಣ ಹಾರಾಡಿದ. ಅಮ್ಮ ಪಟವನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ, "ಎಷ್ಟು ದುಂಡಗೆ ಇಟ್ಟವ್ರೆ ಕಣೇ" ಎಂದಳು.

ಪಟವನ್ನು ಪತ್ರದ ಜೊತೆ ಕಳಿಸಿದ್ದೇನೆ. ಅಣ್ಣ ಬಂದು ಕೇಳಿದರೂ ಅಳಿಸಬೇಡಿ. ಯಾರ ಬೆರಳೂ ತಾಗದಂತೆ ಗಾಜು ಹಾಕಿಸಿಕೊಡಿ.

ಇತಿ,
ಅಕ್ಕಯಮ್ಮ