ಒಂದೇ ಬಾಯಿ, ಮೂರು ಸಾಕ್ಷಿ

ಕೌಲ್ ಬಜಾರ್, ಬಳ್ಳಾರಿ
ಭಾನುವಾರ, 9 ನವೆಂಬರ್ 2008

ಪ್ರೀತಿಯ ನದೀಮ್,

ಆದೋನಿಗೆ ಹೋದ ಮೇಲೆ ಕೆಮ್ಮು ಕಡಿಮೆಯಾಗಿದೆಯೇ? ಖಾಲಾ ಮಾಡುವ ಅಡುಗೆಯಲ್ಲೂ ತನ್ನ ಅಕ್ಕ ಅಮ್ಮಿಯದೇ ಕೈರುಚಿ, ನಿನಗೆ ಒಗ್ಗುತ್ತದೆ, ಅಷ್ಟರಮಟ್ಟಿಗೆ ನೆಮ್ಮದಿ. ಅಮ್ಮಿಯ ಮೊಣಕಾಲು ನೋವು ಹಾಗೇ ಇದೆ. ಒಣಹಾಕಿದ ಬಟ್ಟೆಯನ್ನು ಈಗಲೂ ಎರಡು ಸಲ ಕೊಡವಿಯೇ ಒಳಗೆ ತರುತ್ತಾಳೆ. ಅದಿರಿನ ಲಾರಿಗಳ ಕೆಂಧೂಳೇನೂ ಕಡಿಮೆಯಾಗಿಲ್ಲ. ನನ್ನ ಜೊತೆ ಮಾತು ಮಾತ್ರ ಕಡಿಮೆ ಮಾಡಿದ್ದಾಳೆ.

ಕಾರಣ ನಿನಗೆ ಗೊತ್ತು, ಆದರೂ ನಾನೇ ಬರೆಯಬೇಕು. ಭಾನುವಾರ ಮಧ್ಯಾಹ್ನ ನಾನು ಕಂಪ್ಯೂಟರ್ ಮುಂದೆ ಕೂತರೆ ನೀನು ನಗುತ್ತಿದ್ದೆಯಲ್ಲ, ಅದೇ ನಮ್ಮ ಓದಿನ ಗುಂಪು. ಮನುಷ್ಯರಂತೆ ಯಾವ ವಿಷಯವನ್ನಾದರೂ ಕಲಿಯಬಲ್ಲ ಯಂತ್ರವೊಂದರ ನಕ್ಷೆಯನ್ನು ಯಾರೋ ವಿದೇಶದವರು ಬರೆದಿದ್ದಾರೆ. ನಾವು ವಾರಕ್ಕೊಂದು ಅಧ್ಯಾಯ ಓದಿ ಚಾಟ್‌ನಲ್ಲಿ ಚರ್ಚಿಸುತ್ತೇವೆ. ಚರ್ಚೆಯೆಲ್ಲ ಇದ್ದ ಹಾಗೇ ಇಂಟರ್‌ನೆಟ್‌ನಲ್ಲಿ ಉಳಿಯುತ್ತದೆ. ಆ ಯಂತ್ರ ಪ್ರತಿ ಮಾತಿಗೂ ಎರಡು ಅಂಕಿ ಇಟ್ಟುಕೊಳ್ಳುತ್ತದೆ. ಮಾತು ಎಷ್ಟು ನಿಜ ಎನ್ನುವುದು ಒಂದು, ಹಾಗೆನ್ನಲು ಸಾಕ್ಷಿ ಎಷ್ಟು ಗಟ್ಟಿ ಎನ್ನುವುದು ಇನ್ನೊಂದು. ಆ ಅಧ್ಯಾಯದ ಪಾಠ ನನ್ನದಾಗಿತ್ತು. ಉದಾಹರಣೆ ಜೀವಂತವಾಗಿರಲಿ ಎಂದು ನಾನು ಬರೆದ ಸಾಲು ಇದು: ‘ನನ್ನ ತಮ್ಮ ಲಾರಿ ತೂಕದ ಚೀಟಿ ತಿದ್ದಿದ್ದಾನೆ.’ ನಿಜ ನೂರಕ್ಕೆ ಎಂಬತ್ತು, ಸಾಕ್ಷಿ ತೊಂಬತ್ತು. ಮೂರು ಜನರಿಂದ ಕೇಳಿದ್ದೆ, ಅದಕ್ಕೇ ತೊಂಬತ್ತು.

ಗುಂಪು ನಕ್ಕಿತು. ಅದಿರು ಲಾರಿ ತೂಗುವ ನಿನ್ನ ಆಫೀಸಿನ ಸಮ್ರಾಟ್ ಕೂಡ ಗುಂಪಿನಲ್ಲಿದ್ದಾನಲ್ಲ, ಅವನು ಬರೆದ: ‘ನಿಮ್ಮ ತಮ್ಮನ್ನ ನಾವು ನೋಡಿಲ್ಲೇನ್ರಿ ಅಕ್ಕಾರ? ಇನ್ನೊಂಚೂರು ಏರಿಸ್ರಿ.’ ನಾನು ಎಂಬತ್ತನ್ನು ತೊಂಬತ್ತೈದು ಮಾಡಿದೆ. ನಗುತ್ತಲೇ ಮಾಡಿದೆ. ಮರುದಿನ ಅವನೇ ಆ ಪುಟವನ್ನು ಪ್ರಿಂಟ್ ತೆಗೆದು ಆಫೀಸಿನ ನಿನ್ನ ಫೈಲಿಗೆ ಸೇರಿಸಿದ. ಆಫೀಸಿನವರು ಅದನ್ನು ನಿನ್ನ ಕೈಗೆ ಕೊಟ್ಟ ದಿನವೇ ನೀನು ಆದೋನಿ ಬಸ್ಸು ಹತ್ತಿದೆ.

ಕುರುಗೋಡಿನ ಪಾಲಯ್ಯ ಮಾಸ್ತರು, ನಮ್ಮ ಗುಂಪಿನ ಹಿರಿಯರು, ಹೋದ ವಾರ ಒಂದೇ ಸಾಲು ಬರೆದರು: ‘ಆ ಮೂರು ಮಂದಿಗೆ ಯಾರು ಹೇಳಿದ್ರು ಅಂತ ಕೇಳಿದೇನವ್ವಾ?’ ಕೇಳಿರಲಿಲ್ಲ. ಆಮೇಲೆ ಕೇಳಿದೆ. ನಮ್ಮ ಓಣಿಯ ಆಟೋ ಓಬಣ್ಣನಿಗೆ ಹೇಳಿದವನು ಸಮ್ರಾಟ್. ಸಿರುಗುಪ್ಪದ ಪಂಪಾವತಿ ಟೀಚರಿಗೆ ಹೇಳಿದವನೂ ಅವನೇ. ಮೂರನೆಯವನು ಸ್ವತಃ ಅವನು. ಒಂದೇ ಸಾಕ್ಷಿ ಬೇರೆ ಬೇರೆ ದಾರಿಯಿಂದ ಬಂದರೆ ಒಂದೇ ಸಲ ಎಣಿಸಬೇಕೆಂದು ಅದೇ ಅಧ್ಯಾಯದಲ್ಲಿದೆ, ನದೀಮ್. ಆ ಸಾಲಿಗೆ ಅಡಿಗೆರೆ ಎಳೆದು ಪಾಠ ಮಾಡಿದವಳು ನಾನು.

ಸಮ್ರಾಟನನ್ನು ನೆನೆದರೆ ಹೇಸಿಗೆಯಾಗುತ್ತದೆ. ಆದರೆ ಅವನ ಚಾಡಿಗೆ ಅಂಕಿಯ ಮರ್ಯಾದೆ ಕೊಟ್ಟವಳು ನಾನು. ಇಷ್ಟು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿದ ಬಾಯಿ ಇದು ಎಂದರೆ ನನ್ನ ಮೇಲೇ ಅಸಹ್ಯ. ಅಮ್ಮಿ ಒಂದೇ ಸಲ ಕೇಳಿದಳು: ‘ನಿನ್ನ ಮಿಷನ್ನಿಗೆ ಬುದ್ಧಿ ಕಲಿಸಾಕ ನನ್ನ ಮಗಾನ ಬೇಕಾಗಿದ್ನೇನು?’

ಗುಂಪು ಬಿಟ್ಟೆ. ಆ ಪುಟ ಅಳಿಸಲಾಗುವುದಿಲ್ಲವಂತೆ. ಅದರ ಕೆಳಗೆ ನನ್ನ ತಪ್ಪನ್ನು ಹೆಸರು ಹಾಕಿ ಬರೆದಿದ್ದೇನೆ.

ಖಾಲಾಗೆ ಸಲಾಂ ಹೇಳು. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಆಪಾ,
ನಿಶಾತ್

ಮರೆತೆ: 17ರ ಸೋಮವಾರ ಹನ್ನೊಂದಕ್ಕೆ ಆಫೀಸಿನಲ್ಲಿ ನಿನ್ನ ವಿಚಾರಣೆ. ನೀನು ಬರದಿದ್ದರೆ ನನ್ನ ಆ ಸಾಲನ್ನೇ ಹಿಡಿದು ತೀರ್ಮಾನಿಸುತ್ತಾರಂತೆ. ನಾನೂ ಅಲ್ಲಿಗೆ ಬಂದು ಆ ಅಂಕಿ ಸುಳ್ಳೆಂದು ಹೇಳುತ್ತೇನೆ. ಊರೆಲ್ಲ ಕೇಳಿದೆ, ನಿನ್ನನ್ನು ಮಾತ್ರ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಚೀಟಿ ತಿದ್ದಿದೆಯಾ? ಬಂದು ಹೇಳು. ಹೌದೆಂದರೂ ಮನೆಗೇ ಬಾ.