ಅಮ್ಮಚ್ಚಿಯ ಸುಳ್ಳು ನೋವುಗಳು

ಅಮ್ಮಚ್ಚಿ,

ಮಲಗಿದ್ದಿರಿ, ಎಬ್ಬಿಸಲಿಲ್ಲ. ಪಾಸಾಯ್ತು! ನರ್ಸುಗಳ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಈಗಷ್ಟೇ ಫೋನಿಗೆ ಬಂತು. ಎರಡು ಸಲ ಮುಗ್ಗರಿಸಿದರೂ ಕೊನೆಗೆ ನಿಮ್ಮ ಸೊಸೆ ಇಂಗ್ಲೆಂಡಿನ ಮುದುಕರನ್ನು ನೋಡಿಕೊಳ್ಳಲು ಲಾಯಕ್ಕು ಅಂತಾಯಿತು. ಕಾಗದಪತ್ರ ಕೊಡಲು ಕೊಚ್ಚಿಗೆ ಹೊರಟಿದ್ದೇನೆ.

ಮರಗೆಣಸು ಬೇಯಿಸಿಟ್ಟಿದ್ದೇನೆ. ಮೀನು ಸಾರು ಮಣ್ಣಿನ ಚಟ್ಟಿಯಲ್ಲಿದೆ. ಬಡಿಸಿಕೊಂಡ ಮೇಲೆ ಮುಚ್ಚಳದ ಮೇಲೆ ಕಲ್ಲು ಇಡಿ, ಬೆಕ್ಕು ಹೊಂಚು ಹಾಕುತ್ತಿದೆ.

ಇನ್ನು ಸಂಜೆ ಪ್ರಾರ್ಥನೆ ಮುಗಿಸಿ ನೀವು ನನಗಾಗಿ ರೋಗಿಯ ವೇಷ ಹಾಕಬೇಕಿಲ್ಲ. ನಾನು ಇಂಗ್ಲಿಷಿನಲ್ಲಿ ಎಲ್ಲಿ ನೋವು ಅಂತ ಕೇಳಿದರೆ ನೀವು ಮಲಯಾಳದಲ್ಲಿ, "ಅಯ್ಯೋ, ಸತ್ತೆ ಕಣೇ! ಮೊದ್ಲು ಚಾ ತಾ!" ಅಂತ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಿರಿ. ನಾನು ನಿಮ್ಮನ್ನು ಹೊಡೆಯುತ್ತೇನೆ ಅಂತಲೇ ಪಕ್ಕದ ಮನೆಯವರು ತಿಳಿದಿದ್ದರು. ಆದರೆ ಆ ಅಭ್ಯಾಸವೇ ನನ್ನನ್ನು ಕಾಪಾಡಿತು. ಪರೀಕ್ಷೆಯಲ್ಲಿ ರೋಗಿಯಾಗಿ ಕೂತಿದ್ದ ಮೇಡಮ್ಮನ ಕೈ ಹಿಡಿದು "ಅಮ್ಮಚ್ಚಿ" ಅಂದುಬಿಟ್ಟೆ. ಅವರು ನಕ್ಕರು, ಆಮೇಲೆ ನನ್ನ ಇಂಗ್ಲಿಷ್ ತಡೆಯಿಲ್ಲದೆ ಬಂತು.

ಇನ್ನೊಂದು ಮಾತು. ನಿಮ್ಮ ಸುಳ್ಳು ನೋವುಗಳೆಲ್ಲ ನನಗೆ ಚೆನ್ನಾಗಿ ಗೊತ್ತು, ಅವು ಕೂಗಾಡುತ್ತವೆ. ನಿನ್ನೆ ಮೆಟ್ಟಿಲು ಹತ್ತುವಾಗ ಮಂಡಿ ಒತ್ತಿಕೊಂಡು ಗೋಡೆ ಹಿಡಿದು ನಿಂತಿರಲ್ಲ, ಚಕಾರ ಎತ್ತಲಿಲ್ಲ. ನಾಳೆ ಮೂಳೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. "ನಂಗೇನಾಗಿದೆ ಮೋಳೇ" ಅಂತ ಮಗಳನ್ನು ರಮಿಸುವ ಹಾಗೆ ಅನ್ನಬೇಡಿ, ನಾನು ಕೇಳುವುದಿಲ್ಲ. ಅವರು ಮಲಯಾಳದಲ್ಲೇ ವಿಚಾರಿಸುತ್ತಾರೆ.

ಅಲ್ಲಿ ಕೂಗಿ.

ಬಿನ್ಸಿ